ಹುಲ್ಲು ಮುಚ್ಚಿದ ತೂತು

ಹೆಲ್ಲಾವಿಕ್‌ಗೆ ಬಂದು ತುಮ್ಮಾಸನ ಮನೆ ಯಾವುದು ಎಂದು ಕೇಳಿದರೆ ಯಾವ ತುಮ್ಮಾಸ್ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ತಟ್ಟೆ ತುಮ್ಮಾಸ್ ಎಂದರೆ ಮಾತ್ರ ಬಾಗಿಲವರೆಗೆ ಬಂದು ಬಿಟ್ಟು ಹೋಗುತ್ತಾರೆ. ಫೆರೋ ದ್ವೀಪಗಳ ಈ ಮೂವತ್ತಾರು ಮನೆಯ ಊರಿನಲ್ಲಿ ಅಡ್ಡಹೆಸರು ಇಲ್ಲದೆ ಸತ್ತವರು ಯಾರೂ ಇಲ್ಲ. ಪಾದ್ರಿಗೂ ಒಂದಿದೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ತುಮ್ಮಾಸನಿಗೆ ಆ ಹೆಸರು ಬಂದದ್ದು ಟಿವಿಯ ಡಿಶ್‌ನಿಂದ. ಇಪ್ಪತ್ತು ವರ್ಷ ಗ್ರೀನ್‌ಲೆಂಡಿನ ಕಡೆ ಹೋಗುವ ಮೀನಿನ ಹಡಗಿನಲ್ಲಿ ಕರೆಂಟಿನ ಕೆಲಸ ಮಾಡಿದ್ದ. ಮೊಣಕಾಲು ಕೈಕೊಟ್ಟ ಮೇಲೆ ದಡಕ್ಕೆ ಬಂದು ಕೂತ. ಅದೇ ಹೊತ್ತಿಗೆ ಊರಿಗೆ ಡಿಶ್‌ಗಳು ಬರತೊಡಗಿದವು. ಹಡಗಿನ ಕಂಬಕ್ಕೆ ಬಿರುಗಾಳಿಯಲ್ಲಿ ಆಂಟೆನಾ ಕಟ್ಟಿದವನಿಗೆ ಮನೆಯ ಮೇಲೆ ತಟ್ಟೆ ಕಟ್ಟುವುದು ಯಾವ ದೊಡ್ಡ ಕೆಲಸ ಎಂದು ಜನ ಕರೆದರು, ಅವನೂ ಯಾವ ದೊಡ್ಡ ಕೆಲಸ ಎಂದುಕೊಂಡೇ ಹೋದ.

ದೊಡ್ಡ ಕೆಲಸವೇ ಆಗಿತ್ತು. ನಮ್ಮ ಕಡೆ ಉಪಗ್ರಹ ನೆತ್ತಿಯ ಮೇಲೆ ಇರುವುದಿಲ್ಲ. ದಕ್ಷಿಣದಲ್ಲಿ, ಆಕಾಶದ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತದೆ. ಊರಿನ ದಕ್ಷಿಣಕ್ಕೇ ಗುಡ್ಡ. ಚಳಿಗಾಲದ ನಾಲ್ಕು ತಿಂಗಳು ಸೂರ್ಯನೂ ಅದರ ಹಿಂದೆಯೇ ಓಡಾಡಿಕೊಂಡು ಮುಖ ತೋರಿಸದೆ ಹೋಗುತ್ತಾನೆ. ಒಂದು ಅಂಗಳದಿಂದ ಉಪಗ್ರಹ ಕಂಡರೆ ಪಕ್ಕದ ಅಂಗಳದಿಂದ ಕಾಣದು. ಕಂಡರೂ ಗಾಳಿ ಸುಮ್ಮನಿರಬೇಕಲ್ಲ? ಇಲ್ಲಿ ಮಳೆ ಮೇಲಿನಿಂದ ಬೀಳುವುದು ಕಡಿಮೆ, ಬದಿಯಿಂದ ನುಗ್ಗುವುದೇ ಹೆಚ್ಚು.

ಇಷ್ಟೆಲ್ಲ ಇದ್ದರೂ ತುಮ್ಮಾಸ್ ಮೂರು ಊರುಗಳಲ್ಲಿ ನಲವತ್ತು ಡಿಶ್ ಕೂರಿಸಿದ. ಮೂವತ್ತೊಂಬತ್ತು ಗೋಡೆಯ ಮೇಲೆ. ಒಂದೇ ಒಂದು ಮಾಡಿನ ಮೇಲೆ, ಅಂದರೆ ಛಾವಣಿಯ ಮೇಲೆ. ಈ ಕತೆ ಆ ಒಂದರದು.

ಆ ಮನೆ ಬಿಲ್ಲಾಳದು. ಗಂಡ ತೀರಿಕೊಂಡ ಮೇಲೆ ಸ್ವೆಟರ್ ಹೆಣೆದು ಬದುಕಿದ ಗಟ್ಟಿ ಹೆಂಗಸು. ಕೈಗಿಂತ ನಾಲಿಗೆ ಚುರುಕು. ಅವಳದು ಹಳೆಯ ಕಾಲದ ಮನೆ. ಕಲ್ಲಿನ ಅಡಿಪಾಯ, ಡಾಂಬರು ಬಳಿದ ಕಪ್ಪು ಮರದ ಗೋಡೆ, ಮೇಲೆ ಹುಲ್ಲಿನ ಮಾಡು. ಹಲಗೆ ಹೊಡೆದು, ಅದರ ಮೇಲೆ ನಾರ್ವೆಯಿಂದ ತರಿಸಿದ ಭೂರ್ಜ ಮರದ ತೊಗಟೆಯನ್ನು ಮೀನಿನ ಪೊರೆಯಂತೆ ಒಂದರ ಮೇಲೊಂದು ಹಾಸಿ, ತೊಗಟೆಯ ಮೇಲೆ ಮಣ್ಣು ಸಮೇತ ಹುಲ್ಲಿನ ಹೆಂಟೆ ಜೋಡಿಸುತ್ತಾರೆ. ಹುಲ್ಲು ತೂಕಕ್ಕೆ, ಬೆಚ್ಚಗಿರಲಿಕ್ಕೆ. ನೀರು ತಡೆಯುವುದು ತೊಗಟೆ. ಇದು ನಮ್ಮೂರಿನ ಕೂಸಿಗೂ ಗೊತ್ತು. ಗೊತ್ತಿದ್ದೂ ನಮ್ಮವರ ಬಾಯಲ್ಲಿ ಒಂದು ಮಾತಿದೆ: ಹುಲ್ಲು ಮುಚ್ಚಿದರೆ ಮಾಡು ಮಾಯಿತು. ಗಾಯ ಮಾಯುವ ಹಾಗೆ ಮಾಡೂ ಮಾಯುತ್ತದೆ ಎಂದು.

ಬಿಲ್ಲಾಳ ಅಂಗಳದಲ್ಲಿ ಉಪಗ್ರಹ ಸಿಗಲಿಲ್ಲ. ಗೋಡೆಯ ಮೇಲೂ ಸಿಗಲಿಲ್ಲ. ತುಮ್ಮಾಸ್ ಏಣಿ ಹತ್ತಿ ಪಶ್ಚಿಮದ ತುದಿಯಲ್ಲಿ, ಮಾಡಿನ ನೆತ್ತಿಯ ಹತ್ತಿರ ನಿಂತಾಗ ಸಿಕ್ಕಿತು. ಒಂದು ಹೆಂಟೆಯನ್ನು ಚಾಪೆಯಂತೆ ಎತ್ತಿ, ತೊಗಟೆಯಲ್ಲಿ ನಾಲ್ಕು ತೂತು ಕೊರೆದು, ಕಂಬದ ಪಾದವನ್ನು ಹಲಗೆಗೆ ಬೋಲ್ಟು ಹಾಕಿ ಬಿಗಿದ. ಸುತ್ತ ಧಾರಾಳವಾಗಿ ಅಂಟು ಮೆತ್ತಿದ. ಹೆಂಟೆಯನ್ನು ಮೊದಲಿನ ಹಾಗೆ ಹೊದಿಸಿ ಕಾಲಿನಿಂದ ತುಳಿದ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹುಲ್ಲು ಕೂಡಿಕೊಂಡು, ಕಂಬ ಅಲ್ಲೇ ಹುಟ್ಟಿದ್ದೋ ಎಂಬಂತೆ ಕಾಣುತ್ತಿತ್ತು. ಬಿಲ್ಲಾ ನಾರ್ವೆಯ, ಡೆನ್ಮಾರ್ಕಿನ ಚಾನೆಲ್ ನೋಡುತ್ತ, ಅಲ್ಲಿನವರ ಸ್ವೆಟರುಗಳನ್ನು ಬೈಯುತ್ತ ಹೆಣೆದಳು.

ನಾಲ್ಕು ವರ್ಷದ ಮೇಲೆ ಅವಳ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿತು. ಹಾಸಿಗೆ ಇದ್ದದ್ದು ಮನೆಯ ಪೂರ್ವದ ತುದಿಯಲ್ಲಿ. ಡಿಶ್ ಪಶ್ಚಿಮದಲ್ಲಿ.

ತುಮ್ಮಾಸ್ ಏಣಿ ಹತ್ತಿ ಕಂಬದ ಬುಡ ನೋಡಿದ. ಹುಲ್ಲು ಸೊಂಪಾಗಿತ್ತು. ಮೇಲಿನಿಂದಲೇ ಕೂಗಿ ಹೇಳಿದ: "ನನ್ನ ಕಡೆ ಏನೂ ಇಲ್ಲ ಬಿಲ್ಲಕ್ಕ! ಹುಲ್ಲು ನೋಡು ಹೇಗೆ ಬೆಳ್ದಿದೆ, ಕುರಿ ಬಿಟ್ರೆ ಮೇಯ್ಬಹುದು!"

"ಮತ್ತೆ ನೀರು ಎಲ್ಲಿಂದ ಬಂತೋ? ಮೇಲಿರೋ ದೇವ್ರು ಉಚ್ಚೆ ಹೊಯ್ದ್ನಾ?"

"ತೊಗಟೆ ಹಾಸಿದೋರನ್ನ ಕೇಳು."

ತೊಗಟೆ ಹಾಸಿದವನು ಹಾನಸ್. ತುಮ್ಮಾಸನ ತಾಯಿಯ ತಮ್ಮ. ಊರಿನ ಅರ್ಧ ಮಾಡುಗಳು ಆ ಮುದುಕನ ಕೈಕೆಲಸ. ಬಿಲ್ಲಾ ಕೇಳಲಿಲ್ಲ, ಹೇಳಿದಳು. ಹಾನಸನ ತೊಗಟೆ ಸೋರುತ್ತದೆ ಎಂದು ಮೂವತ್ತಾರು ಮನೆಗೂ ಹೇಳಿದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಮುಂದಿನ ಬೇಸಿಗೆಯಲ್ಲಿ ಇಬ್ಬರು ಮಾಡು ಹೊದಿಸಿದರು, ಇಬ್ಬರೂ ಹಾನಸನನ್ನು ಕರೆಯಲಿಲ್ಲ. ಹಾನಸ್ ಜಗಳಕ್ಕೆ ಬರಲಿಲ್ಲ. ಸುಮ್ಮನೆ ತನ್ನ ಆಲೂಗಡ್ಡೆ ಹೊಲಕ್ಕೆ ಹೋಗಿ ಬಂದು ಮಾಡಿಕೊಂಡು ಇದ್ದುಬಿಟ್ಟ. ಬೇರೆಯವರ ಏಣಿಯ ಮೇಲೆ ಅವನು ಕಾಲಿಟ್ಟದ್ದನ್ನು ಮತ್ತೆ ಯಾರೂ ನೋಡಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತೆಂದು ಗೊತ್ತಾಗಲು ಇನ್ನೂ ಮೂರು ವರ್ಷ ಬೇಕಾಯಿತು. ಅಷ್ಟು ವರ್ಷ ಬಿಲ್ಲಾ ಬಕೆಟ್ ಇಟ್ಟುಕೊಂಡು ಅಡುಗೆಮನೆಯ ಬೆಂಚಿನ ಮೇಲೆ ಮಲಗಿದಳು. ಕೊನೆಗೆ ಒಂದು ಜುಲೈ ತಿಂಗಳಲ್ಲಿ ಮಾಡನ್ನೇ ಬಿಚ್ಚಿ ಹೊಸದು ಹೊದಿಸುವುದೆಂದು ತೀರ್ಮಾನವಾಯಿತು. ಮಾಡು ಹೊದಿಸುವುದು ಇಲ್ಲಿ ಇಡೀ ಊರಿನ ಕೆಲಸ. ಶನಿವಾರ ಬೆಳಿಗ್ಗೆ ಎಲ್ಲರೂ ಬರುತ್ತಾರೆ, ಗೊಬ್ಬರದ ಗುದ್ದಲಿಯಿಂದ ಹಿಡಿದು ಹಾರೆಯವರೆಗೆ ಕೈಗೆ ಸಿಕ್ಕಿದ್ದು ತರುತ್ತಾರೆ. ಕೆಲಸ ಮುಗಿದ ಮೇಲೆ ಮನೆಯವರು ಊಟ ಹಾಕುತ್ತಾರೆ. ಶುಕ್ರವಾರ ಮಧ್ಯಾಹ್ನ ತುಮ್ಮಾಸ್ ಒಬ್ಬನೇ ಏಣಿ ಹತ್ತಿದ. ನಾಳೆ ಬರುವ ದಂಡಿನ ಕೈಗೆ ಸಿಕ್ಕರೆ ಡಿಶ್ ಪುಡಿಯಾಗುತ್ತದೆ, ಮೊದಲೇ ಇಳಿಸಿಬಿಡೋಣ ಎಂದು.

ಕಂಬದ ಸುತ್ತಲಿನ ಹುಲ್ಲು ಎತ್ತಿದ. ಮಣ್ಣು ಮೀನಿನ ಸಾರಿನಷ್ಟು ತೆಳ್ಳಗಾಗಿತ್ತು. ಬೋಲ್ಟಿನ ಬಳಿ ತೊಗಟೆ ಕರ್ರಗೆ, ಒದ್ದೆ ಕಾಗದದಂತೆ ಬೆರಳಿಗೆ ಅಂಟಿ ಬಂತು. ಗಾಳಿಗೆ ಕಂಬ ಅಲುಗಾಡಿ ಅಲುಗಾಡಿ ಅಂಟು ಯಾವಾಗಲೋ ಬಿಟ್ಟಿತ್ತು. ಅದರ ಕೆಳಗೆ, ಎರಡು ಹಲಗೆ ಕೂಡುವ ಸಂದಿನಲ್ಲಿ ಒಂದು ಕಪ್ಪು ಗೆರೆ. ಗೆರೆ ಪೂರ್ವಕ್ಕೆ ಹೊರಟಿತ್ತು.

ಅವನು ಗೆರೆಯ ಬೆನ್ನು ಹತ್ತಿದ. ಹೆಂಟೆಗಳನ್ನು ಒಂದೊಂದೇ ಎತ್ತುತ್ತ ಮೊಣಕಾಲ ಮೇಲೆ ತೆವಳಿದ. ಆ ಮನೆ ಪೂರ್ವಕ್ಕೆ ಎರಡು ಬೆರಳು ತಗ್ಗಿದೆ, ಮೇಜಿನ ಮೇಲೆ ಇಟ್ಟ ಉಣ್ಣೆಯುಂಡೆ ಅತ್ತಲೇ ಉರುಳುತ್ತದೆ. ನೀರೂ ಹಾಗೇ, ಹಲಗೆಯ ಸಂದು ಹಿಡಿದು, ತೊಗಟೆಯ ಕೆಳಗೆ ಯಾರಿಗೂ ಕಾಣದೆ, ಎಂಟು ಮೀಟರ್ ನಡೆದು ಬಿಲ್ಲಾಳ ಹಾಸಿಗೆಯ ಮೇಲೆ ಇಳಿದಿತ್ತು. ದಾರಿಯುದ್ದಕ್ಕೂ ಹಾನಸನ ತೊಗಟೆ ತಾಮ್ರದ ಬಣ್ಣದಲ್ಲಿ ಹೊಸದರಂತೆ ಮಲಗಿತ್ತು. ಒಂದು ಹಾಳೆಯೂ ಸರಿದಿರಲಿಲ್ಲ.

ತುಮ್ಮಾಸ್ ಕಂಬ ಬಿಚ್ಚಿ ಡಿಶ್ ಕೆಳಗಿಳಿಸಿದ. ಆಮೇಲೆ ತೂತಿದ್ದ ಹಲಗೆಯ ತುಂಡನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

ಹೆಂಡತಿ ರಾನ್ವಾ ರೂಬಾರ್ಬ್ ಹೆಚ್ಚುತ್ತಿದ್ದಳು. ಹಲಗೆ ನೋಡಿದಳು, ಗಂಡನ ಮುಖ ನೋಡಿದಳು. ಅವನು ನಡೆದದ್ದನ್ನೆಲ್ಲ ಹೇಳಿ, ಕೊನೆಯಲ್ಲಿ ಮೆಲ್ಲಗೆ ಸೇರಿಸಿದ: "ನಾಳೆ ಹೇಗೂ ಹಳೇ ಹಲಗೆ ಎಲ್ಲಾ ಒಟ್ಟು ಹಾಕಿ ಸುಡ್ತಾರೆ."

"ಸುಡ್ಲಿ. ಹಲಗೆ ತಾನೇ ಸುಡೋದು? ನೀವು ಮಲಗೋದು ನನ್ನ ಪಕ್ಕದಲ್ಲೇ ಅಲ್ವೇನ್ರೀ. ಹಗಲಿಡೀ ಮುಖ ಸಿಂಡರಿಸ್ಕೊಂಡು, ರಾತ್ರಿಯಿಡೀ ಹೊರಳಾಡ್ಕೊಂಡು. ನನಗೆ ನಿದ್ದೆ ಬೇಡ್ವಾ?"

"ಊರಲ್ಲಿ ಇನ್ಯಾರು ನನ್ನನ್ನ ಕೆಲಸಕ್ಕೆ ಕರೀತಾರೆ?"

"ನಿಮ್ಮ ಮಾವನ್ನ ಯಾರು ಕರೆದ್ರು?"

ತುಮ್ಮಾಸ್ ಎದ್ದ. ಹಲಗೆ ಎತ್ತಿಕೊಂಡು ಹಾನಸನ ಹೊಲಕ್ಕೆ ನಡೆದ.

ಹಾನಸ್ ಆಲೂಗಡ್ಡೆ ಗಿಡಗಳಿಗೆ ಮಣ್ಣು ಏರಿಸುತ್ತಿದ್ದ. ಎಪ್ಪತ್ತನಾಲ್ಕು ವರ್ಷ, ಬೆನ್ನು ಇನ್ನೂ ಕಂಬದಂತಿತ್ತು. "ಏನೋ ಅದು? ನನ್ನ ಶವದ ಪೆಟ್ಟಿಗೆಗೆ ಹಲಗೆ ತಂದ್ಯಾ? ಇನ್ನೂ ಸ್ವಲ್ಪ ತಡೀ."

"ಬಿಲ್ಲಕ್ಕನ ಮಾಡಿನ ಹಲಗೆ, ಮಾವ."

ಮುದುಕನ ನಗು ಆರಿಹೋಯಿತು. "ನನಗ್ಯಾಕೆ ತೋರಿಸ್ತೀಯ? ಊರೆಲ್ಲ ನೋಡಾಯ್ತಲ್ಲ."

"ಇದನ್ನ ಯಾರೂ ನೋಡಿಲ್ಲ. ಈ ತೂತು ನನ್ನದು. ಡಿಶ್‌ನ ಬೋಲ್ಟು. ನೀರು ಇಲ್ಲಿಂದ ಇಳಿದು ಸಂದಿಯಲ್ಲೇ ಪೂರ್ವಕ್ಕೆ ಹೋಗಿದೆ. ನಿಮ್ಮ ತೊಗಟೆಯಿಂದ ಒಂದು ತೊಟ್ಟೂ ಇಳಿದಿಲ್ಲ."

ಹಾನಸ್ ಗುದ್ದಲಿ ಕೆಳಗಿಟ್ಟ. ಕನ್ನಡಕ ಹುಡುಕಿ ಹಾಕಿಕೊಂಡ. ಕಪ್ಪು ಗೆರೆಯ ಮೇಲೆ ಬೆರಳು ಎಳೆದ, ಇನ್ನೊಮ್ಮೆ ಎಳೆದ.

"ಹಾಸಿಗೆ ಮೇಲಿರೋ ಮೂಲೆ? ಅಲ್ಲಿ ತೊಗಟೆ ಹೇಗಿದೆ?"

"ಹೊಸದರ ಹಾಗಿದೆ."

"ಸರಿಯಾಗಿ ನೋಡಿದ್ಯಾ? ಹಾಳೆಯ ಮಗ್ಗುಲು ಬದಲಾಗಿಲ್ವಾ? ತಲೆಕೆಳಗಾಗಿಲ್ವಾ?"

"ಇಲ್ಲ ಮಾವ. ಒಂದೂ ಇಲ್ಲ."

ಮುದುಕ ಸಾಲಿನ ಮಣ್ಣಿನ ಮೇಲೆಯೇ ಕೂತುಬಿಟ್ಟ. "ಮೂರು ವರ್ಷ ಕಣೋ. ಮೂರು ವರ್ಷದಿಂದ ಆ ಮಾಡನ್ನ ಮನಸ್ಸಲ್ಲೇ ಬಿಚ್ಚಿ ಬಿಚ್ಚಿ ಹಾಸ್ತಿದೀನಿ. ಆ ಮೂಲೆಗೆ ಬಂದ ದಿನ ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು ಹಾಕಿದ್ದೆ. ಅದಕ್ಕೇ ಕೈ ತಪ್ಪಿರ್ಬೇಕು ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಕುಡಿಯೋದನ್ನೂ ಬಿಟ್ಟೆ."

ತುಮ್ಮಾಸ್ ಇದನ್ನು ಎಣಿಸಿರಲಿಲ್ಲ. ಮಾವನಿಗೆ ಊರಿನ ಮೇಲೆ ಸಿಟ್ಟಿದೆ, ಅದಕ್ಕೇ ಏಣಿ ಹತ್ತುವುದಿಲ್ಲ ಎಂದು ತಿಳಿದಿದ್ದ. ಮುದುಕ ತನ್ನ ಕೈಗಳನ್ನೇ ನಂಬದೆ ಇಷ್ಟು ದಿನ ಕಳೆದಿದ್ದಾನೆ ಎಂದು ತಿಳಿದಾಗ ಅವನಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು.

"ತಪ್ಪಾಯ್ತು ಮಾವ."

"ನನಗೆ ಹೇಳಿದ್ರೆ ಸಾಕಾ?" ಹಾನಸ್ ಎದ್ದು ಗುದ್ದಲಿ ತೆಗೆದುಕೊಂಡ. "ಅವಳು ಮೂವತ್ತಾರು ಮನೆಗೂ ಹೇಳಿದ್ಲು. ಹೋಗು. ಕತ್ತಲಾಗೋದ್ರೊಳಗೆ ನನಗೆ ಇನ್ನೂ ನಾಲ್ಕು ಸಾಲಿದೆ." ಜುಲೈಯಲ್ಲಿ ನಮಗೆ ಕತ್ತಲಾಗುವುದೇ ಇಲ್ಲ. ಮಾತು ಮುಗಿಸಲು ಅದು ಅವನ ನೆಪ.

ಶನಿವಾರ ಇಪ್ಪತ್ತೈದು ಜನ ಸೇರಿದರು. ತೊಗಟೆಯನ್ನು ನಂಬಿ ಕೆಟ್ಟೆ ಎಂದು ಬಿಲ್ಲಾ ಕಪ್ಪು ಪ್ಲಾಸ್ಟಿಕ್ಕಿನ ಸುರುಳಿ ತರಿಸಿ ಇಟ್ಟಿದ್ದಳು. ಏಣಿಗೆ ಮೊದಲ ಮನುಷ್ಯ ಕಾಲಿಡುವ ಮುಂಚೆ ತುಮ್ಮಾಸ್ ಅದರ ಮೂರನೆಯ ಮೆಟ್ಟಿಲ ಮೇಲೆ ಅಡ್ಡ ನಿಂತ.

"ಏನೋ ತಟ್ಟೆ, ಭಾಷಣನಾ?" ಯಾರೋ ಹಿಂದಿನಿಂದ ಕಿಚಾಯಿಸಿದರು.

ಅವನು ಹಲಗೆ ಎತ್ತಿ ಹಿಡಿದ. ತೂತಿನಲ್ಲಿ ಬೆರಳು ತೂರಿಸಿ ಆ ಕಡೆಗೆ ತೋರಿಸಿದ. "ಬಿಲ್ಲಕ್ಕನ ಹಾಸಿಗೆ ಮೇಲೆ ಸೋರಿದ್ದು ಇದರಿಂದ. ಇದು ಕೊರೆದದ್ದು ನಾನು. ಹುಲ್ಲು ಮುಚ್ಚಿದೆ, ಮಾಯ್ತು ಅಂತ ಎತ್ತಿ ನೋಡ್ಲಿಲ್ಲ. ನೋಡದೇನೇ ಹಾನಸ್ ಮಾವನ ಕಡೆ ಕೈ ತೋರಿಸ್ದೆ. ನಂಬದಿದ್ರೆ ಮೇಲೆ ಹತ್ತಿ ನೋಡಿ, ಗೆರೆ ಅಲ್ಲೇ ಇದೆ."

ನಾಲ್ಕೈದು ಜನ ಹತ್ತಿ ನೋಡಿ ತಲೆ ತಗ್ಗಿಸಿ ಇಳಿದರು. ಎಲ್ಲರ ಕಣ್ಣೂ ಬಿಲ್ಲಾಳ ಮೇಲೆ. ಅವಳು ಕೈಯಲ್ಲಿದ್ದ ಸೌಟನ್ನು ತುಮ್ಮಾಸನ ಎದೆಗೆ ಗುರಿಯಿಟ್ಟು ಎಸೆದಳು. ಅದು ಹಲಗೆಗೆ ಬಡಿದು ಬಿತ್ತು.

"ಮೂರು ವರ್ಷ ಬೆಂಚಿನ ಮೇಲೆ ಮಲಗಿದೀನಲ್ಲೋ, ಹಾಳಾದೋನೆ! ಅದು ಹೋಗ್ಲಿ. ನನ್ನ ಬಾಯಲ್ಲಿ ಆ ಮನುಷ್ಯನ್ನ ಏನೇನು ಅನ್ನಿಸ್ದೆ!" ಎಂದವಳೇ ಏಪ್ರನ್ನನ್ನೂ ಬಿಚ್ಚದೆ ಹಾನಸನ ಹೊಲದ ಕಡೆ ಹೊರಟಳು.

ಕೆಲಸ ಯಾರಿಗೆ ಬೇಕಿತ್ತು? ಇಪ್ಪತ್ತೈದು ಜನವೂ ಮಾಡಿನ ಮೇಲೆ, ಕಲ್ಲುಗೋಡೆಯ ಮೇಲೆ ಹತ್ತಿ ನಿಂತು ನೋಡಿದರು. ದೂರಕ್ಕೆ ಒಂದು ಮಾತೂ ಕೇಳಲಿಲ್ಲ. ಬಿಲ್ಲಾಳ ಕೈಗಳು ಗಾಳಿಗಿರಣಿಯಂತೆ ತಿರುಗುವುದು ಕಂಡಿತು. ಆಮೇಲೆ ಕೈಗಳು ಸುಮ್ಮನೆ ಇಳಿಬಿದ್ದವು. ಹಾನಸ್ ಗುದ್ದಲಿ ಊರಿಕೊಂಡು ನಿಂತೇ ಇದ್ದ. ಎಷ್ಟು ಹೊತ್ತಾಯಿತೋ, ಅವನು ತಿರುಗಿ ಮನೆಯೊಳಗೆ ಹೋದ. ಬರುವುದಿಲ್ಲ ಎಂದುಕೊಂಡರು. ತುಮ್ಮಾಸ್ ಏಣಿಯ ಮೆಟ್ಟಿಲ ಮೇಲೆ ಕೂತ.

ಹಾನಸ್ ಹೊರಗೆ ಬಂದ. ತಲೆಗೆ ಹಳೆಯ ಉಣ್ಣೆ ಟೋಪಿ, ಸೊಂಟಕ್ಕೆ ಹೆಂಟೆ ಕೊಯ್ಯುವ ಚೂರಿ. ಬಿಲ್ಲಾ ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಡೆದು ಬರುತ್ತಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ಹೆಲ್ಲಾವಿಕ್ ಕಂಡದ್ದು ಅದೇ ಮೊದಲು.

ಏಣಿ ಹತ್ತಿದ ಮುದುಕ ಮೊದಲು ನೋಡಿದ್ದು ಆ ಪೂರ್ವದ ಮೂಲೆಯನ್ನು. ತೊಗಟೆಯ ಮೇಲೆ ಅಂಗೈ ಇಟ್ಟು ಸವರಿದ. ಎದ್ದು ನಿಂತು, "ಯಾವನೋ ಅವನು, ಆ ಪ್ಲಾಸ್ಟಿಕ್ ಇಟ್ಕೊಂಡು ನಿಂತಿರೋನು? ಈ ತೊಗಟೆ ಇನ್ನೂ ಮೂವತ್ತು ವರ್ಷ ಬಾಳುತ್ತೆ. ಕೆಟ್ಟಿರೋ ಹಲಗೆ ತೆಗೀರಿ, ಆ ಜಾಗಕ್ಕೆ ಮಾತ್ರ ಹೊಸ ತೊಗಟೆ. ಪ್ಲಾಸ್ಟಿಕ್ಕು ಆಲೂಗಡ್ಡೆ ಮುಚ್ಚೋಕಾಗುತ್ತೆ" ಎಂದು ಗದರಿದ. ಆ ಗದರಿಕೆ ಕೇಳಿ ಜನಕ್ಕೆ ಎಷ್ಟು ಸಂತೋಷವಾಯಿತೆಂದರೆ ಮಧ್ಯಾಹ್ನದ ಕಾಫಿಯನ್ನೂ ಮರೆತು ದುಡಿದರು.

ಊಟಕ್ಕೆ ಕೂತಾಗ ಬಿಲ್ಲಾ ಒಣಗಿಸಿದ ಕುರಿಯ ಒಂದು ಇಡೀ ತೊಡೆಯನ್ನು ತಂದು ಹಾನಸನ ಮುಂದೆ ಇಟ್ಟಳು. ತುಮ್ಮಾಸನ ಮುಂದೆ ಎರಡು ಆಲೂಗಡ್ಡೆ ಇಟ್ಟಳು.

"ಡಿಶ್ ಮಾತ್ರ ನನಗೆ ಬೇಕು. ಆದ್ರೆ ನನ್ನ ತಲೆ ಮೇಲೆ ಬೇಡ. ಎಲ್ಲಿ ಕೂರಿಸ್ತೀಯೋ ನೋಡು" ಎಂದಳು.

"ಬೇರೆಲ್ಲೂ ಉಪಗ್ರಹ ಕಾಣಲ್ಲ, ಬಿಲ್ಲಕ್ಕ. ಗುಡ್ಡ ಅಡ್ಡ ಬರುತ್ತೆ."

ಹಾನಸ್ ಮಾಂಸ ಕೊಯ್ಯುತ್ತ ಕೇಳಿದ: "ಅದು ಇರೋದು ಎಲ್ಲೋ, ನಿನ್ನ ಉಪಗ್ರಹ?"

"ಹೇಗೆ ಹೇಳೋದು ಮಾವ... ಫೆಬ್ರವರಿ ಕೊನೆಯಲ್ಲಿ ಒಂದು ವಾರ, ಹನ್ನೆರಡೂಕಾಲಿನ ಹೊತ್ತಿಗೆ, ಸೂರ್ಯ ಸರಿಯಾಗಿ ಅದರ ಹಿಂದೆ ಬರ್ತಾನೆ. ಆಗ ಹತ್ತು ನಿಮಿಷ ಚಿತ್ರ ಕೆಡುತ್ತೆ. ಚಿತ್ರ ಹೋಯ್ತು ಅಂತ ಎಲ್ಲರೂ ನನಗೆ ಫೋನ್ ಮಾಡ್ತಾರೆ."

"ಅಂದ್ರೆ ಆ ಹೊತ್ತಿಗೆ ಎಲ್ಲಿ ಬಿಸಿಲು ಬೀಳುತ್ತೋ ಅಲ್ಲಿಂದ ಅದು ಕಾಣುತ್ತೆ?"

ತುಮ್ಮಾಸ್ ಕೈಯಲ್ಲಿದ್ದ ಆಲೂಗಡ್ಡೆ ಕೆಳಗಿಟ್ಟ. ನಲವತ್ತು ಡಿಶ್ ಕೂರಿಸಿದವನಿಗೆ ಇದು ಹೊಳೆದಿರಲಿಲ್ಲ.

"ಹಾಗಾದ್ರೆ ಅದಕ್ಕೆ ಮಾಡು ಯಾಕೋ?" ಹಾನಸ್ ಚೂರಿಯಿಂದ ಕಿಟಕಿಯ ಆಚೆ ತೋರಿಸಿದ. "ಇವಳ ಗಾಳಿಗೂಡು ನೋಡು. ಫೆಬ್ರವರಿ ಇಪ್ಪತ್ತಕ್ಕೇ ಅದರ ಮೂಲೆಕಂಬದ ಹಿಮ ಕರಗುತ್ತೆ. ಈ ಕೇರೀಲಿ ಬಿಸಿಲು ಮೊದಲು ಮುಟ್ಟೋದೇ ಅದನ್ನ. ಐವತ್ತು ವರ್ಷದಿಂದ ನೋಡ್ತಿದೀನಿ."

ಗಾಳಿಗೂಡು ಎಂದರೆ ಮಾಂಸ ಒಣಗಿಸುವ ಮರದ ಕೊಠಡಿ. ಪ್ರತಿ ಮನೆಗೂ ಒಂದು ಇರುತ್ತದೆ. ಗಾಳಿ ಆಡಲಿ ಎಂದು ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟೇ ಅದರ ಗೋಡೆ ಹೊಡೆದಿರುತ್ತಾರೆ. ಬಿಲ್ಲಾಳದು ಮನೆಯ ಹಿಂದೆ, ದಿಣ್ಣೆಯ ಮೇಲೆ, ಗುಡ್ಡದಿಂದ ಇನ್ನಷ್ಟು ದೂರಕ್ಕೆ ಇತ್ತು. ಕುರಿ ತೂಗುಹಾಕುವ ಜಾಗಕ್ಕೆ ಟಿವಿಯ ತಟ್ಟೆ ಕಟ್ಟಬಹುದೆಂದು ಯಾರಿಗೂ ತೋಚಿರಲಿಲ್ಲ. ಸೋರುವುದಕ್ಕೆಂದೇ ಕಟ್ಟಿದ ಗೋಡೆಗೆ ಸೋರಿಕೆಯ ಭಯವೇನು!

ಊಟ ಬಿಟ್ಟೆದ್ದು ಮಾವ ಅಳಿಯ ಇಬ್ಬರೂ ಸಿಗ್ನಲ್ ಅಳೆಯುವ ಮೀಟರ್ ಹಿಡಿದು ಹೋದರು. ಮೂಲೆಕಂಬದ ಬಳಿ ಎತ್ತಿ ಹಿಡಿದ ತಕ್ಷಣ ಮುಳ್ಳು ಮೇಲೇರಿತು.

ಮರುದಿನ ತುಮ್ಮಾಸ್ ಒಂದೂ ತೂತು ಕೊರೆಯದೆ, ಕಂಬದ ಸುತ್ತ ಎರಡು ಕಬ್ಬಿಣದ ಪಟ್ಟಿ ಬಿಗಿದು ಡಿಶ್ ಕೂರಿಸಿದ. ಕೇಬಲ್ಲನ್ನು ಕೊಳವೆಯೊಳಗೆ ಹಾಕಿ ನೆಲದಡಿಯಿಂದ ಮನೆಗೆ ತಂದ. ಗೋಡೆಗೆ ಒಂದು ತೂತು ಬೇಕೇ ಬೇಕಾಗಿತ್ತು. ಅದನ್ನು ಸೂರಿನ ಮರೆಯಲ್ಲಿ, ಹೊರಗೆ ತಗ್ಗು ಒಳಗೆ ಎತ್ತರ ಬರುವಂತೆ ಓರೆಯಾಗಿ ಕೊರೆದ, ನೀರು ಒಳಗೆ ಹತ್ತಬೇಕೆಂದರೆ ಬೆಟ್ಟ ಹತ್ತಿದ ಹಾಗಾಗಲಿ ಎಂದು. ಒಳಹೋಗುವ ಮುನ್ನ ಕೇಬಲ್ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರುವಂತೆ ಬಿಟ್ಟ. ಅದರ ಮೇಲೆ ಹರಿದು ಬಂದ ಹನಿ ಆ ತಗ್ಗಿನಿಂದ ನೆಲಕ್ಕೆ ಬೀಳಬೇಕು. ಹಾನಸ್ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಯಾಕೆ ಯಾಕೆ ಎಂದು ಕೇಳಿದ. ಬಿಲ್ಲಾ ಮಾತ್ರ, "ನನ್ನ ಕುರಿಗಳಿಗೆ ಕಾರ್ಯಕ್ರಮ ನೋಡೋಕೆ ಅನುಕೂಲ ಆಯ್ತು ಬಿಡು" ಎಂದು ಒಳಗೆ ಹೋದಳು. ಒಳಗಿನಿಂದ ನಗು ಕೇಳಿತು.

ಅಕ್ಟೋಬರಿನಲ್ಲಿ ಆ ಚಳಿಗಾಲದ ಮೊದಲ ದೊಡ್ಡ ಬಿರುಗಾಳಿ ಬಂತು. ಆ ಸಂಜೆ ಬಿಲ್ಲಾ ಮೂವರನ್ನೂ, ತುಮ್ಮಾಸ್, ರಾನ್ವಾ, ಹಾನಸ್, ಊಟಕ್ಕೆ ಕರೆದಳು. ಊಟಕ್ಕಲ್ಲ, ಸಾಕ್ಷಿಗೆ. ಮಳೆ ಗೋಡೆಗೆ ಕಲ್ಲಿನಂತೆ ಬಡಿಯುತ್ತಿತ್ತು. ಟಿವಿಯಲ್ಲಿ ಡೆನ್ಮಾರ್ಕಿನವರು ಏನೋ ಹಾಡುತ್ತಿದ್ದರು, ಚಿತ್ರ ಒಮ್ಮೆಯೂ ಕದಲಲಿಲ್ಲ. ಬಿಲ್ಲಾಳ ಹಾಸಿಗೆ ಪೂರ್ವದ ಕೋಣೆಯಲ್ಲಿ ಹಳೆಯ ಜಾಗದಲ್ಲೇ ಒಣಗಿ ಬೆಚ್ಚಗಿತ್ತು.

ಹಾನಸ್ ಟಿವಿ ನೋಡಲಿಲ್ಲ. ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಂದು ಗಂಟೆ ಸೂರನ್ನೇ ನೋಡುತ್ತ ಕೂತಿದ್ದ. ಆಮೇಲೆ ಎದ್ದು ಬಂದು ಮೇಜಿಗೆ ಕೂತು, ಬಿಲ್ಲಾಳ ಕಡೆ ಲೋಟ ನೂಕಿದ. "ಎರಡು ಗುಟುಕು ಹಾಕು."

ಅವಳು ಸುರಿದಳು. ಅವನು ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿ ತೆರೆದ.

"ತುಮ್ಮಾಸ್, ನಾಳೆ ಗಾಳಿ ಇಳಿದ ಮೇಲೆ ನಮ್ಮನೆಗೆ ಬಾ. ಡ್ರಿಲ್ ತಗೊಂಡು ಬಾ. ನನಗೂ ಒಂದು ತಟ್ಟೆ ಹಾಕು."

ಹಾನಸನ ಮನೆ ಅವನ ಅಜ್ಜ ಕಟ್ಟಿದ್ದು. ಅದರ ಗೋಡೆಗೆ ಒಂದು ಮೊಳೆ ಹೊಡೆಯಲೂ ಅವನು ಯಾರನ್ನೂ ಬಿಟ್ಟವನಲ್ಲ. ತುಮ್ಮಾಸ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ತೂತು ಎಲ್ಲಿ ಕೊರೀಲಿ ಮಾವ? ನೀವೇ ಗುರುತು ಹಾಕಿಡಿ."

"ನಾನು ಯಾಕೆ ಹಾಕ್ಲಿ?" ಮುದುಕ ಲೋಟ ಖಾಲಿ ಮಾಡಿದ. "ನಾಳೆ ನಾನು ಮನೇಲಿರಲ್ಲ, ಪಾದ್ರಿ ತಮ್ಮ ಮನೆ ಮಾಡು ನೋಡೋಕೆ ಕರ್ದಿದಾರೆ. ಬಾಗಿಲು ತೆಗ್ದೇ ಇರುತ್ತೆ. ನಿನಗೆ ಸರಿ ಕಂಡ ಕಡೆ ಕೊರಿ."